ಮಿಲ್ಲಿನ ತಕ್ಕಡಿ

ಕಾರ್ಕಳ
೧೪ ಜುಲೈ ೧೯೬೩

ಪ್ರೀತಿಯ ಪ್ಯಾಟ್ರಿಶಿಯಾಳಿಗೆ ನರ್ಮದಾ ಟೀಚರ ಆಶೀರ್ವಾದ.

ಎಷ್ಟೋ ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಕಾಪುವಿನ ಶಾಲೆಯಲ್ಲಿ ನಿನಗೆ ಕನ್ನಡ ಕಲಿಸಿದವಳು ನಾನು. ನೆನಪಿಲ್ಲ ಎಂದು ನೀನು ಹೇಳಲಾರೆ. ನನ್ನಷ್ಟು ದಪ್ಪದ ಟೀಚರು ಆ ಶಾಲೆಗೆ ಇನ್ನೊಬ್ಬರು ಬಂದಿರಲಿಕ್ಕಿಲ್ಲ. ಈಗ ಕಾರ್ಕಳದ ಶಾಲೆಯಲ್ಲಿದ್ದೇನೆ. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ತಮ್ಮ ವಿಷ್ಣುಮೂರ್ತಿಯ ಮನೆಯಲ್ಲಿ ವಾಸ. ನಿಮ್ಮ ಶಿರ್ವದ ಮೇಬಲ್ ಬಾಯಿ ನಮ್ಮಲ್ಲಿ ಹೊಲಿಗೆ ಟೀಚರಾಗಿದ್ದಾರೆ. ನೀನು ಮಣಿಪಾಲದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಉಡುಪಿಯಲ್ಲಿ ಡಾ. ಮಧ್ವರಾಜರ ನರ್ಸಿಂಗ್ ಹೋಮಿಗೆ ಸೇರಿದ ಸುದ್ದಿ ಅವರಿಂದಲೇ ತಿಳಿಯಿತು. ಆ ದಿನವಿಡೀ ಸಿಕ್ಕಿದವರಿಗೆಲ್ಲ ‘ಅವಳು ನನ್ನ ಶಿಷ್ಯೆ’ ಎಂದು ಹೇಳಿಕೊಂಡು ತಿರುಗಿದೆ.

ಒಂದು ವಿಷಯ ಕೇಳಬೇಕಿತ್ತು. ನನಗೆ ಪರಿಚಯದ ಹೆಂಗಸೊಬ್ಬರಿದ್ದಾರೆ. ಪ್ರಾಯ ನಲವತ್ತು ಕಳೆದಿದೆ. ಮದುವೆ ಆದವರಲ್ಲ. ಶರೀರ ಬಹಳ ಸ್ಥೂಲ. ಅವರ ಹೊಕ್ಕುಳ ಬಳಿ ಒಂದು ಗಂಟು ಎದ್ದಿದೆ. ಮೊದಲು ನೆಲ್ಲಿಕಾಯಿಯಷ್ಟಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಈಗ ತೆಂಗಿನ ಗೆರಟೆಯಷ್ಟಾಗಿದೆ. ಕೆಮ್ಮಿದರೆ, ಎತ್ತರದ ಮೆಟ್ಟಿಲು ಹತ್ತಿದರೆ ನೋವು. ಹಳೆಯ ಸೀರೆಯ ಪಟ್ಟಿ ಬಿಗಿದುಕೊಂಡು ಅದರ ಮೇಲೆ ಸೀರೆ ಉಡುತ್ತಾರೆ. ಇಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದರು. ಗಂಟಿನ ಮಾತು ತೆಗೆಯುವ ಮೊದಲೇ ಅವರು ಆಹಾರ ಕಡಿಮೆ ಮಾಡಿ ಎಂದು ಹೇಳಿ ಚೀಟಿ ಬರೆದರಂತೆ. ಈ ಹೆಂಗಸು ಗಂಟನ್ನು ತೋರಿಸದೆಯೇ ಹಿಂದೆ ಬಂದರು.

ನಿಮ್ಮಲ್ಲಿ ಇಂಥದ್ದಕ್ಕೆ ಚಿಕಿತ್ಸೆ ಉಂಟೋ? ಪರೀಕ್ಷೆ ಮಾಡುವಾಗ ನೀನೂ ಇರುತ್ತೀಯೋ? ಇನ್ನೊಂದು ಸಣ್ಣ ಸಂಗತಿ. ಹೊರಗೆ ಕಾಯುವವರಿಗೆ ಬೆಂಚು ಇದೆಯೋ, ಅಥವಾ ಕೈ ಇರುವ ಕುರ್ಚಿಗಳೋ? ಅವರು ಕೇಳಲು ಹೇಳಿದ್ದಾರೆ.

ನಿನ್ನ ಏಳಿಗೆ ಬಯಸುವ,
ನರ್ಮದಾ


ಉಡುಪಿ
೧೯ ಜುಲೈ ೧೯೬೩

ಪೂಜ್ಯ ಟೀಚರಿಗೆ ಪ್ಯಾಟ್ರಿಶಿಯಾ ಮಾಡುವ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಕೊಂಕಣಿ ಮಾತನಾಡುವ ಮನೆಯಿಂದ ಬಂದು ನಾಲ್ಕು ಸಾಲು ಕನ್ನಡ ತಪ್ಪಿಲ್ಲದೆ ಬರೆಯುತ್ತೇನಾದರೆ ಅದು ನಿಮ್ಮಿಂದ. ಅಮ್ಮನಿಗೆ ಕಾಗದ ಓದಿ ಹೇಳಿದೆ. ನಿಮ್ಮನ್ನು ಕೇಳಿದ್ದಾಗಿ ಬರೆಯಲು ಹೇಳಿದ್ದಾರೆ.

ನೀವು ಬರೆದ ಗಂಟು ಹರ್ನಿಯಾ ಇರಬೇಕು. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ, ಒಳಗಿನ ಕರುಳು ಅಲ್ಲಿಂದ ಹೊರಕ್ಕೆ ತಳ್ಳುತ್ತದೆ. ಆಪರೇಶನ್ ಮಾಡಿದರೆ ಗುಣವಾಗುತ್ತದೆ. ಮಾಡದೆ ಬಿಟ್ಟರೆ ಯಾವತ್ತಾದರೂ ಕರುಳು ಸಿಕ್ಕಿಬಿದ್ದು ಜೀವಕ್ಕೆ ಅಪಾಯವಾದೀತು. ಹೆದರಿಸಲು ಹೇಳುವುದಲ್ಲ, ತಡ ಮಾಡಬಾರದು ಎಂದು ಮಾತ್ರ. ಡಾ. ಮಧ್ವರಾಜರು ಒಳ್ಳೆಯ ಹೆಸರಿರುವ ಸರ್ಜನರು. ಪರೀಕ್ಷೆಯ ಹೊತ್ತಿಗೆ ನಾನು ಪಕ್ಕದಲ್ಲೇ ಇರುತ್ತೇನೆ.

ಹೊರಗೆ ಬೆಂಚು ಉಂಟು, ಅಗಲವಾದದ್ದು.

ಟೀಚರ್, ಒಂದು ಮಾತು. ಆ ಹೆಂಗಸು ಯಾರೇ ಆಗಿರಲಿ, ನನ್ನ ಹತ್ತಿರ ಸಂಕೋಚ ಪಡುವುದು ಬೇಡ.

ನಿಮ್ಮ ವಿಧೇಯ ಶಿಷ್ಯೆ,
ಪ್ಯಾಟ್ರಿಶಿಯಾ


ಕಾರ್ಕಳ
೨೫ ಜುಲೈ ೧೯೬೩

ಪ್ರೀತಿಯ ಪ್ಯಾಟ್ರಿಶಿಯಾ,

ನೀನು ತರಗತಿಯಲ್ಲೂ ಹೀಗೆಯೇ. ಪದ್ಯದ ಅರ್ಥ ನಾನು ಹೇಳುವ ಮೊದಲೇ ನಿನ್ನ ಕಣ್ಣಿನಲ್ಲಿ ಕಾಣುತ್ತಿತ್ತು. ಹೌದು, ಅದು ನಾನೇ.

ಗಂಟು ಎದ್ದು ಏಳು ವರ್ಷವಾಯಿತು. ತಮ್ಮನಿಗೆ ಹೇಳಲಿಲ್ಲ. ಅವನ ಹೆಂಡತಿ ಸುಭಾಷಿಣಿ ಬಟ್ಟೆ ಒಣಗಿಸುವಾಗ ಆ ಪಟ್ಟಿಗಳನ್ನು ನೋಡಿರಬೇಕು. ಅವಳೂ ಕೇಳಲಿಲ್ಲ. ಮದುವೆಯಾಗದ ಹೆಂಗಸಿನ ಹೊಟ್ಟೆ ಮುಂದಕ್ಕೆ ಬಂದರೆ ಊರು ಏನು ಮಾತನಾಡುತ್ತದೆ ಎಂಬುದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಬಿಗಿಯಾಗಿ ಕಟ್ಟಿಕೊಂಡೆ.

ಉಡುಪಿಗೆ ಬರಲು ನಾನು ಹೆದರುವುದು ಕತ್ತರಿಗೆ, ಚಾಕುವಿಗೆ ಅಲ್ಲ, ಬಸ್ಸಿಗೆ. ನಾನು ಕೂತ ಸೀಟಿನಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಹಿಂದಿನ ಸಲ ಕಂಡಕ್ಟರು, “ಟೀಚರೆ, ಮುಂದಿನ ಬಸ್ಸು ಖಾಲಿ ಉಂಟು, ಅದರಲ್ಲಿ ಬನ್ನಿ” ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ. ಮರ್ಯಾದೆಯಿಂದ ಹೇಳಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು. ಮುಂದಿನ ಬಸ್ಸಿನಲ್ಲೂ ನಾನು ಹತ್ತಲಿಲ್ಲ.

ಆದರೂ ಶನಿವಾರ ಬರುತ್ತೇನೆ. ನೀನಿದ್ದೀಯಲ್ಲ ಎಂಬ ಧೈರ್ಯ. ಬಸ್ ನಿಲ್ದಾಣಕ್ಕೆ ಬರಬೇಡ, ವಿಚಾರಿಸಿಕೊಂಡು ಬರುತ್ತೇನೆ.

ನಿನ್ನ,
ನರ್ಮದಾ ಟೀಚರ್


ಉಡುಪಿ
೯ ಆಗಸ್ಟ್ ೧೯೬೩

ಪೂಜ್ಯ ಟೀಚರಿಗೆ ನಮಸ್ಕಾರಗಳು.

ಆ ದಿನ ಸುಖವಾಗಿ ಮನೆ ಸೇರಿದಿರೆಂದು ನಂಬಿದ್ದೇನೆ. ನಾನು ವಾರ್ಡಿಗೆ ಹೋಗಿ ಬರುವುದರೊಳಗೆ ನೀವು ಹೊರಟುಬಿಟ್ಟಿದ್ದಿರಿ. ಮನೆಯಲ್ಲಿ ಊಟಕ್ಕೆ ಹೇಳಿ ಬಂದಿದ್ದೆ.

ಡಾಕ್ಟರರು ಹೇಳಿದ್ದು ನಿಮಗೆ ನೆನಪಿದೆಯಷ್ಟೆ. ಐವತ್ತು ಪೌಂಡಾದರೂ ಇಳಿಸಿದ ಮೇಲೆಯೇ ಆಪರೇಶನ್. ದಪ್ಪ ಶರೀರಕ್ಕೆ ಮತ್ತಿನ ಔಷಧಿ ಕೊಡುವುದು ಕಷ್ಟ, ಗಾಯವೂ ಬೇಗ ಕೂಡುವುದಿಲ್ಲ. ಇದು ನಿಮ್ಮ ಒಳ್ಳೆಯದಕ್ಕೇ. ಪಥ್ಯದ ಕ್ರಮ ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ತೆಂಗಿನಕಾಯಿ, ಬೆಲ್ಲ, ಎಣ್ಣೆಯಲ್ಲಿ ಕರಿದದ್ದು ಬಿಡಬೇಕು. ಕುಚ್ಚಲಕ್ಕಿ ಅನ್ನ ಅರ್ಧಕ್ಕೆ ಇಳಿಸಬೇಕು. ಹುರುಳಿ ಒಳ್ಳೆಯದು. ಸಂಜೆ ನಡೆಯುವುದು ಅಭ್ಯಾಸ ಮಾಡಿ. ಮನಸ್ಸು ಮಾಡಿದರೆ ಆಗದ್ದು ಏನಿಲ್ಲ ಟೀಚರ್, ನಮಗೆ ಇದನ್ನು ಹೇಳಿಕೊಟ್ಟವರು ನೀವೇ.

ಎರಡು ವಾರಕ್ಕೊಮ್ಮೆ ಹೇಗಿದ್ದೀರೆಂದು ಬರೆಯಿರಿ.

ವಿಧೇಯಳು,
ಪ್ಯಾಟ್ರಿಶಿಯಾ


ಕಾರ್ಕಳ
೩೦ ಆಗಸ್ಟ್ ೧೯೬೩

ಡಾ. ಪ್ಯಾಟ್ರಿಶಿಯಾ ಅವರಿಗೆ,

ಪಥ್ಯದ ಹಾಳೆ ತಲುಪಿದೆ. ಅದರಂತೆ ನಡೆಯುತ್ತಿದ್ದೇನೆ. ಅನ್ನವನ್ನು ಅರ್ಧವಲ್ಲ, ಪೂರ್ತಿ ಬಿಟ್ಟಿದ್ದೇನೆ. ಒಂದು ಹೊತ್ತು ಗಂಜಿ ತಿಳಿ.

ಇತಿ,
ನರ್ಮದಾ


ಉಡುಪಿ
೧೨ ಸೆಪ್ಟೆಂಬರ್ ೧೯೬೩

ಪೂಜ್ಯ ಟೀಚರ್,

ನೀವು ನನ್ನನ್ನು ‘ಡಾಕ್ಟರ್’ ಎಂದೂ ‘ಅವರು’ ಎಂದೂ ಬರೆದದ್ದನ್ನು ಓದಿ ಏನೂ ತೋಚಲಿಲ್ಲ. ಮೊದಲು ತಮಾಷೆ ಎಂದುಕೊಂಡೆ. ಆಮೇಲೆ ಅಲ್ಲವೆಂದು ತಿಳಿಯಿತು. ಅಮ್ಮನಿಗೆ ಈ ಸಲ ಕಾಗದ ಓದಿ ಹೇಳಲಿಲ್ಲ.

ಅನ್ನ ಪೂರ್ತಿ ಬಿಡಬೇಡಿ. ನಾನು ಹಾಗೆ ಬರೆದಿರಲಿಲ್ಲ. ನನ್ನಿಂದ ಏನಾದರೂ ತಪ್ಪಾಗಿದ್ದರೆ ದಯವಿಟ್ಟು ತಿಳಿಸಿ. ಡಾಕ್ಟರರ ಮಾತಿನಿಂದ ನಿಮಗೆ ನೋವಾಗಿದೆಯೋ? ಅವರು ಎಲ್ಲರ ಹತ್ತಿರವೂ ನೇರ ಮಾತನಾಡುವವರು, ಮನಸ್ಸಿನಲ್ಲಿ ಏನೂ ಇಲ್ಲ.

ನಿಮ್ಮ,
ಪ್ಯಾಟ್ರಿಶಿಯಾ


ಕಾರ್ಕಳ
೨೦ ಸೆಪ್ಟೆಂಬರ್ ೧೯೬೩

ಪ್ಯಾಟ್ರಿಶಿಯಾ,

ಕೇಳಿದ್ದೀಯಲ್ಲ, ಹೇಳುತ್ತೇನೆ.

ನಿಮ್ಮ ಡಾಕ್ಟರರು ನನ್ನ ಹೊಟ್ಟೆಯ ಮೇಲೆ ಎರಡು ಬೆರಳು ಇಟ್ಟು ನಿನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಇದರೊಳಗೆ ಹೊಕ್ಕುಳನ್ನು ಹುಡುಕುವುದೇ ಒಂದು ಆಪರೇಶನ್. ನೀನು ಅದನ್ನು ನನಗೆ, “ಸರಿಯಾಗಿ ಪರೀಕ್ಷೆ ಮಾಡಬೇಕು ಅಂತ ಹೇಳುತ್ತಾರೆ ಟೀಚರ್” ಎಂದು ಕನ್ನಡಕ್ಕೆ ತಿರುಗಿಸಿದೆ. ನನಗೆ ಇಂಗ್ಲಿಷ್ ಮಾತನಾಡಲು ನಾಲಗೆ ಹೊರಳುವುದಿಲ್ಲ, ಕೇಳಿದರೆ ತಿಳಿಯುತ್ತದೆ. ನೀನು ಸುಳ್ಳು ಹೇಳಿದ್ದು ನನ್ನ ಮೇಲಿನ ಕನಿಕರದಿಂದ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಆಮೇಲೆ ನಿಮ್ಮಲ್ಲಿದ್ದ ತೂಕದ ಯಂತ್ರದ ಮುಳ್ಳು ಕೊನೆಗೆ ಬಡಿದು ನಿಂತಿತು. ಡಾಕ್ಟರರು ಇವರನ್ನು ಪಕ್ಕದ ಅಕ್ಕಿ ಮಿಲ್ಲಿನಲ್ಲಿ ತೂಗಿಸಿಕೊಂಡು ಬಾ ಎಂದು ನಿನಗೆ ಹೇಳಿದರು. ಇದನ್ನು ಅವರು ಕನ್ನಡದಲ್ಲೇ ಹೇಳಿದ್ದರಿಂದ ನಿನಗೆ ತಿರುಗಿಸುವ ಕೆಲಸವಿರಲಿಲ್ಲ.

ನಾನು ಹೋಗುವುದಿಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಟೀಚರಾಗಿದ್ದವಳಿಗೆ ಆ ಒಂದು ಮಾತು ಬರಲಿಲ್ಲ. ಬಿಗಿದಿದ್ದ ಪಟ್ಟಿ ನಿಮ್ಮ ಕೋಣೆಯಲ್ಲೇ ಉಳಿದಿತ್ತು. ಸೆರಗನ್ನು ಹೊಟ್ಟೆಯ ಮೇಲೆ ಹಿಡಿದುಕೊಂಡು ನಿನ್ನ ಹಿಂದೆ ಬಂದೆ. ಮಿಲ್ಲಿನ ಅಂಗಳದಲ್ಲಿ ಕೂಲಿಯವರು ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಹೊರುತ್ತಿದ್ದರು. ನಮ್ಮನ್ನು ಕಂಡು ದಾರಿ ಬಿಟ್ಟರು. ಒಬ್ಬ ಹೆಗಲ ಬೈರಾಸಿನಿಂದ ತಕ್ಕಡಿಯ ಹಲಗೆಯ ಮೇಲಿನ ತೌಡು ಒರೆಸಿದ. ನಾನು ಹತ್ತಿದೆ. ಮಿಲ್ಲಿನ ಗುಮಾಸ್ತರು ತೂಕದ ಕಲ್ಲು ಹಾಕಿ ನೋಡಿ, ಅಕ್ಕಿಗೆ ಕೂಗುವ ಹಾಗೆಯೇ ಕೂಗಿದರು.

“ಮೂರು ಮುಡಿ, ಮೇಲೆ ಸ್ವಲ್ಪ ಉಂಟು ಡಾಕ್ಟ್ರೆ.”

ಕೂಲಿಯವರು ಯಾರೂ ನಗಲಿಲ್ಲ. ತೌಡು ಒರೆಸಿದವನು ನೆಲ ನೋಡಿದ. ನಕ್ಕದ್ದು ನೀನು. ದೊಡ್ಡ ನಗುವಲ್ಲ. ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಿನ್ನ ಹೆಗಲು ಕುಲುಕಿದ್ದು ನನಗೆ ಕಾಣಿಸಿತು.

ಮಕ್ಕಳು ನನ್ನ ಬೆನ್ನ ಹಿಂದೆ ನಕ್ಕದ್ದು ಎಷ್ಟೋ ಸಲ. ಅದನ್ನು ನುಂಗಿಕೊಳ್ಳಲು ಬರುತ್ತದೆ. ಆ ತಕ್ಕಡಿಯ ಮೇಲೆ ನಿಂತಾಗ ಮಾತ್ರ ನನ್ನ ಕಡೆಯವರೊಬ್ಬರು ಕೆಳಗೆ ನಿಂತಿದ್ದಾರೆ ಎಂದುಕೊಂಡಿದ್ದೆ.

ಇನ್ನು ಬರೆಯಬೇಡ.

ನರ್ಮದಾ


ಉಡುಪಿ
೨೭ ಸೆಪ್ಟೆಂಬರ್ ೧೯೬೩

ಟೀಚರ್,

ಬರೆಯಬೇಡ ಎಂದಿದ್ದೀರಿ. ಇದೊಂದನ್ನು ಓದಿ. ಓದದಿದ್ದರೂ ಸರಿ.

ನಾನು ನಕ್ಕದ್ದು ಹೌದು. ನೀವು ನೋಡಲಿಲ್ಲ ಎಂದು ನಂಬಿದ್ದೆ. ಆ ಧೈರ್ಯದಲ್ಲೇ ಪಥ್ಯದ ಹಾಳೆ ಬರೆದು, ಮನಸ್ಸು ಮಾಡಿದರೆ ಆಗದ್ದಿಲ್ಲ ಎಂದು ನಿಮಗೇ ಉಪದೇಶ ಮಾಡಿದೆ. ಆ ಸಾಲು ನೆನಪಾದರೆ ಈಗ ಎಲ್ಲಿಯಾದರೂ ಹೋಗಿ ಅಡಗಬೇಕು ಎನಿಸುತ್ತದೆ.

ಏಕೆ ನಕ್ಕೆ ಎಂದು ನನ್ನನ್ನೇ ಕೇಳಿಕೊಂಡೆ. ಆ ಗುಮಾಸ್ತರು ತೂಕ ಕೂಗಿ ನಿಮ್ಮ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ನೀವೂ ನಗುತ್ತೀರಷ್ಟೆ ಡಾಕ್ಟ್ರೆ ಎನ್ನುವ ನೋಟ ಅದು. ನಾನು ಕೊಟ್ಟುಬಿಟ್ಟೆ. ಕೊಡದಿದ್ದರೆ ನನ್ನನ್ನು ನಿಮ್ಮ ಜೊತೆ ಸೇರಿಸಿ ನೋಡುತ್ತಿದ್ದರು; ಆ ಒಂದು ಗಳಿಗೆ ಅದು ನನಗೆ ಬೇಡವಾಗಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ.

ಇನ್ನೊಂದನ್ನೂ ಹೇಳಬೇಕು. ನಿಮ್ಮನ್ನು ತೂಗಬೇಕಾದ ಅಗತ್ಯವೇ ಇರಲಿಲ್ಲ. ಕಣ್ಣಿಗೆ ಕಂಡದ್ದನ್ನು ಲೆಕ್ಕದಲ್ಲಿ ತಿಳಿದು ಯಾರಿಗೂ ಆಗಬೇಕಾದದ್ದಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ನಿನ್ನೆ ಡಾಕ್ಟರರ ಹತ್ತಿರ, ತೂಕ ಇಳಿಯದಿದ್ದರೆ ಈ ರೋಗಿಗೆ ಏನು ದಾರಿ ಎಂದು ಕೇಳಿದೆ. ಇಳಿಸಲು ಅವರಿಗೆ ಮನಸ್ಸಿಲ್ಲದಿದ್ದರೆ ನಾವೇನು ಮಾಡುವುದು ಎಂದರು. ಮಣಿಪಾಲದ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದಲ್ಲ ಎಂದೆ. ಅವರು ಮುಂದಿನ ರೋಗಿಯನ್ನು ಕರೆದರು.

ಟೀಚರ್, ಉಪವಾಸ ಬಿಡಿ. ಅದರಿಂದ ಗಂಟು ಕರಗುವುದಿಲ್ಲ. ಗಂಟು ಒಳಗೆ ಹೋಗದೆ ಗಟ್ಟಿಯಾದರೆ, ವಾಂತಿಯಾದರೆ, ಒಂದು ದಿನವೂ ತಡೆಯಬೇಡಿ. ನನ್ನ ಮೇಲಿನ ಸಿಟ್ಟನ್ನು ನಿಮ್ಮ ಜೀವದ ಮೇಲೆ ತೀರಿಸಿಕೊಳ್ಳಬೇಡಿ.

ಪ್ಯಾಟ್ರಿಶಿಯಾ


ಶಿರ್ವ
೨೬ ಡಿಸೆಂಬರ್ ೧೯೬೩

ಪೂಜ್ಯ ಟೀಚರಿಗೆ,

ಕ್ರಿಸ್ಮಸ್ಸಿಗೆ ಅಮ್ಮನ ಜೊತೆ ಊರಿಗೆ ಬಂದಿದ್ದೇನೆ. ಮೇಬಲ್ ಬಾಯಿ ಇಗರ್ಜಿಯಲ್ಲಿ ಸಿಕ್ಕಿದರು. ನೀವು ಶಾಲೆಗೆ ಬರುತ್ತಿದ್ದೀರಿ, ಬಹಳ ಸೋತಿದ್ದೀರಿ ಎಂದರು. ಸೋತದ್ದು ಎಂದರೆ ತೆಳ್ಳಗಾದದ್ದೋ ಎಂದು ಅಮ್ಮ ಕೇಳಿದರು. ಅಲ್ಲ, ಮುಖದ ಬಣ್ಣ ಹೋಗಿದೆ ಎಂದರು.

ನಾನು ನರ್ಸಿಂಗ್ ಹೋಮ್ ಬಿಟ್ಟಿದ್ದೇನೆ. ಹೊಸ ವರ್ಷದಿಂದ ಮಣಿಪಾಲದಲ್ಲಿ, ಸರ್ಜರಿ ವಿಭಾಗದಲ್ಲಿ ಕೆಲಸ. ಅಲ್ಲಿಯ ಪ್ರೊಫೆಸರರಿಗೆ ನಿಮ್ಮ ಹೆಸರು ಹೇಳದೆ ವಿಷಯ ಹೇಳಿದ್ದೇನೆ. ಈಗ ಇರುವ ಹಾಗೆಯೇ ಬರಲಿ, ನೋಡೋಣ ಎಂದಿದ್ದಾರೆ.

ಈಗ ಇರುವ ಹಾಗೆಯೇ ಎಂದರು, ಟೀಚರ್. ಅದನ್ನು ತಿಳಿಸಲು ಬರೆದೆ.

ಪ್ಯಾಟ್ರಿಶಿಯಾ


ಕಾರ್ಕಳ
೧೮ ಫೆಬ್ರವರಿ ೧೯೬೪

ಮಾನ್ಯ ಡಾಕ್ಟರರಿಗೆ ವಿಷ್ಣುಮೂರ್ತಿಯ ವಿಜ್ಞಾಪನೆ.

ತಮ್ಮ ಪರಿಚಯ ನನಗಿಲ್ಲ. ನಾನು ನರ್ಮದಕ್ಕನ ತಮ್ಮ. ಮೇಬಲ್ ಬಾಯಿಯವರಿಂದ ತಮ್ಮ ವಿಳಾಸ ಪಡೆದು ಬರೆಯುತ್ತಿದ್ದೇನೆ. ಇದು ಅಕ್ಕನಿಗೆ ಗೊತ್ತಿಲ್ಲ.

ಕಳೆದ ವಾರ ಅಕ್ಕ ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಎತ್ತಲು ಮಾಸ್ಟರುಗಳನ್ನು ಕರೆಯಬೇಕಾಯಿತು. ಬಿದ್ದ ನೋವಿಗಿಂತ ಅದನ್ನೇ ನೆನೆದು ಅವಳು ಅತ್ತಳು. ಆರು ತಿಂಗಳಿಂದ ಅವಳು ಊಟವೆಂದು ಕೂತದ್ದನ್ನು ನಾವು ನೋಡಿಲ್ಲ. ಬಡಿಸಿದರೆ, ನನಗೆ ಬೇಡ, ನಾನು ಸಾಕಷ್ಟು ತಿಂದಿದ್ದೇನೆ ಎನ್ನುತ್ತಾಳೆ. ಆ ಮಾತಿನಲ್ಲಿ ಏನೋ ಇದೆ, ನಮಗೆ ತಿಳಿಯುವುದಿಲ್ಲ.

ಹೊಟ್ಟೆಯ ಗಂಟಿನ ವಿಚಾರ ನನ್ನ ಹೆಂಡತಿ ಸುಭಾಷಿಣಿ ಈಗ ಹೇಳಿದಳು. ಅವಳಿಗೆ ಮೊದಲೇ ಗೊತ್ತಿತ್ತಂತೆ. ಹೇಗೆ ಕೇಳುವುದೆಂದು ತಿಳಿಯದೆ ಸುಮ್ಮನಿದ್ದಳಂತೆ. ಒಂದೇ ಮನೆಯಲ್ಲಿದ್ದು ನನಗೆ ತಿಳಿಯಲಿಲ್ಲ ಎನ್ನಲು ನಾಚಿಕೆಯಾಗುತ್ತದೆ. ಆಸ್ಪತ್ರೆ ಎಂದರೆ ಅಕ್ಕ ಕೋಣೆಯ ಚಿಲಕ ಹಾಕಿಕೊಳ್ಳುತ್ತಾಳೆ. ತಾವು ಅವಳ ಶಿಷ್ಯೆಯೆಂದು ಹಿಂದೆ ಬಹಳ ಹೇಳಿಕೊಳ್ಳುತ್ತಿದ್ದಳು. ಈಗ ತಮ್ಮ ಹೆಸರು ಎತ್ತುವುದಿಲ್ಲ. ನಡುವೆ ಏನಾಯಿತೋ ನಾನು ಕೇಳುವುದಿಲ್ಲ.

ತಾವು ಒಮ್ಮೆ ಬಂದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ವಿಷ್ಣುಮೂರ್ತಿ


ಕಾರ್ಕಳ
೨೨ ಎಪ್ರಿಲ್ ೧೯೬೪

ಪ್ಯಾಟ್ರಿಶಿಯಾಳಿಗೆ,

ಆಸ್ಪತ್ರೆಯಿಂದ ಬಂದು ಹತ್ತು ದಿನವಾಯಿತು. ಗಾಯ ಒಂದು ಕಡೆ ಇನ್ನೂ ಒಸರುತ್ತದೆ. ಸುಭಾಷಿಣಿ ದಿನವೂ ಬಟ್ಟೆ ಬದಲಿಸುತ್ತಾಳೆ. ಮೊದಲ ದಿನ ನಾನು ಮುಖವನ್ನು ಗೋಡೆಗೆ ತಿರುಗಿಸಿದೆ. ಈಗ ಅವಳು ಬಟ್ಟೆ ಬದಲಿಸುತ್ತಲೇ ಪಕ್ಕದ ಮನೆಯ ಜಗಳದ ಸುದ್ದಿ ಹೇಳುತ್ತಾಳೆ, ನಾನು ಕೇಳುತ್ತೇನೆ.

ವಾರ್ಡಿನಲ್ಲಿ ಇದ್ದಷ್ಟು ದಿನವೂ ನಾವಿಬ್ಬರು ಜ್ವರದ, ಔಷಧಿಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಬರೆದರೆ ಬರುತ್ತದೋ ಎಂದು ಕೂತಿದ್ದೇನೆ.

ನೀನು ನಮ್ಮ ಮನೆಗೆ ಬಂದ ದಿನ ಬೆಳಗ್ಗಿನಿಂದ ನನಗೆ ವಾಂತಿಯಾಗುತ್ತಿತ್ತು. ಗಂಟು ಕಲ್ಲಿನಂತಾಗಿತ್ತು. ನೀನು ಹಿಂದೆ ಬರೆದದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಸಾಯುತ್ತೇನೆ ಎಂದು ಗೊತ್ತಿದ್ದೇ ಚಿಲಕ ಹಾಕಿದ್ದೆ. ಸತ್ತರೆ ಯಾರೂ ನನ್ನನ್ನು ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸುವುದಿಲ್ಲವಲ್ಲ ಎಂದು ಯೋಚನೆ. ಈಗ ಬರೆಯುವಾಗ ಹುಚ್ಚು ಎನಿಸುತ್ತದೆ. ಆಗ ಅನಿಸಲಿಲ್ಲ.

ನೀನು ಬಾಗಿಲಿನ ಹೊರಗೆ ಕೂತು ಕರೆದೆ. “ನನ್ನನ್ನು ಪುನಃ ತೂಗುತ್ತಾರಾ?” ಎಂದು ನಾನು ಕೇಳಿದೆ.

“ಇಲ್ಲ ಟೀಚರ್. ನಾನು ಬಿಡುವುದಿಲ್ಲ.”

“ನೀನು ಬಿಡುವವಳೋ ಅಲ್ಲವೋ ನನಗೆ ಹೇಗೆ ಗೊತ್ತಾಗಬೇಕು?”

ನೀನು ದೇವರ ಮೇಲೆ ಆಣೆ ಹಾಕುತ್ತೀ, ಅಳುತ್ತೀ ಎಂದುಕೊಂಡೆ. ನೀನು “ಗೊತ್ತಾಗಲಿಕ್ಕಿಲ್ಲ” ಎಂದೆ. ಅಷ್ಟೇ. ಬೇರೆ ಏನು ಹೇಳಿದ್ದರೂ ನಾನು ಬಾಗಿಲು ತೆಗೆಯುತ್ತಿರಲಿಲ್ಲ.

ವಿಷ್ಣು ತಂದ ಬಾಡಿಗೆ ಕಾರಿನಲ್ಲಿ ನೀನು ಮುಂದೆ ಕೂತೆ, ಹಿಂದಿನ ಸೀಟು ಪೂರ್ತಿ ನನಗೆ. ಮಣಿಪಾಲದ ಗುಡ್ಡ ಹತ್ತುವಾಗ ನೋವಿನಲ್ಲೂ ಒಂದು ವಿಷಯ ಕಾಡುತ್ತಿತ್ತು, ನನ್ನನ್ನು ಇಳಿಸುವುದು ಹೇಗೆ ಎಂದು. ನಾಲ್ಕು ಜನ ಬಂದರು. ಭಾರ ಎತ್ತುವಾಗ ಹಾಕುವ ಕೂಗನ್ನು ಅವರು ಹಾಕಲಿಲ್ಲ. ಯಾರೂ ಉಸ್ಸೆನ್ನಲಿಲ್ಲ. ರಕ್ತದ ಒತ್ತಡ ನೋಡುವ ಪಟ್ಟಿ ನನ್ನ ತೋಳಿಗೆ ಸುತ್ತು ಬರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಸಿಸ್ಟರ್ ಎಲಿಜಬೆತ್ ಎಂಬವರು “ಈ ಪಟ್ಟಿ ಗಿಡ್ಡ ಆಯಿತು” ಎಂದು ಬಟ್ಟೆಯ ತುಂಡು ಸೇರಿಸಿ ಕಟ್ಟಿದರು. ಗಿಡ್ಡ ಆದದ್ದು ಪಟ್ಟಿ, ಪ್ಯಾಟ್ರಿಶಿಯಾ. ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ.

ಆ ಪ್ರೊಫೆಸರರಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಎಷ್ಟು ಕಾಲದಿಂದ ಇದೆ ಎಂದು ನಿನ್ನ ಮೂಲಕ ಕೇಳಿದರು. ನಾನು ಹೇಳಿದೆ. ಅವರು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಏಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ನೀನು ಏನು ಹೇಳುತ್ತಿದ್ದೆಯೋ.

ಕೊಳೆತ ಕರುಳಿನ ತುಂಡು ತೆಗೆದರಂತೆ. ಇನ್ನೊಂದು ದಿನ ತಡವಾಗಿದ್ದರೆ ಇಲ್ಲವಂತೆ. ನಿನಗೆ ಕೃತಜ್ಞತೆ ಹೇಳಬೇಕು. ಹೇಳಿದ್ದೇನೆ ಎಂದು ತಿಳಿದುಕೋ. ಕ್ಷಮಿಸಿದೆ ಎಂದು ಬರೆಯಲು ಎರಡು ಸಲ ಪ್ರಯತ್ನಿಸಿದೆ. ಹಾಳೆ ಹರಿದು ಹಾಕಿದೆ.

ನರ್ಮದಾ ಟೀಚರ್


ಮಣಿಪಾಲ
೬ ಜುಲೈ ೧೯೬೪

ಪೂಜ್ಯ ಟೀಚರಿಗೆ ನಮಸ್ಕಾರಗಳು.

ಕ್ಷಮಿಸಿದ್ದೀರೆಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಬರೆಯದಿದ್ದುದು ಒಳ್ಳೆಯದಾಯಿತು.

ಶಾಲೆಗೆ ಹೋಗತೊಡಗಿದ್ದೀರೆಂದು ವಿಷ್ಣುಮೂರ್ತಿಯವರು ತಿಳಿಸಿದರು. ಎರಡು ಹೊತ್ತು ಊಟ ಮಾಡುತ್ತೀರೆಂದೂ ಬರೆದಿದ್ದರು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಪ್ರೊಫೆಸರರು ಒಂದು ವಿಷಯ ಕೇಳಲು ಹೇಳಿದ್ದಾರೆ. ಬೇಡವೆಂದರೆ ಯಾರಿಗೂ ಬೇಸರವಿಲ್ಲ, ನನಗಂತೂ ಸಮಾಧಾನವೇ ಆದೀತು. ಮುಂದಿನ ತಿಂಗಳು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅವರು ಹರ್ನಿಯಾ ಪಾಠ ಮಾಡುತ್ತಾರೆ. ಪಂಜಾಬಿನವರು, ಕೇರಳದವರು, ಗುಜರಾತಿನವರು, ಮಲಯದಿಂದ ಬಂದವರು, ಎಲ್ಲ ಕಡೆಯವರು ಇದ್ದಾರೆ. ರೋಗಿಗಳು ಏಕೆ ಇಷ್ಟು ತಡವಾಗಿ ಬರುತ್ತಾರೆ ಎಂಬುದನ್ನು ಪುಸ್ತಕದಿಂದ ಹೇಳಲು ಬರುವುದಿಲ್ಲ, ನಿಮ್ಮ ಟೀಚರು ಬಂದು ಹೇಳುತ್ತಾರೆಯೇ ಎಂದು ಕೇಳಿದರು. ನಾನು ಕೇಳುವುದೇ ಇಲ್ಲ ಎಂದುಕೊಂಡಿದ್ದೆ. ಆಮೇಲೆ, ನಿಮ್ಮ ಪರವಾಗಿ ನಾನು ಉತ್ತರ ಕೊಡುವುದು ಸರಿಯಲ್ಲ ಎನಿಸಿತು.

ನಿಮ್ಮ,
ಪ್ಯಾಟ್ರಿಶಿಯಾ


ಕಾರ್ಕಳ
೧೫ ಜುಲೈ ೧೯೬೪

ಪ್ರೀತಿಯ ಪ್ಯಾಟ್ರಿಶಿಯಾ,

ಬರುತ್ತೇನೆ. ಪಾಠ ಎಂದರೆ ನನಗೆ ಹೆದರಿಕೆಯಿಲ್ಲ.

ಆದರೆ ನಾನು ಸೀರೆ ಉಟ್ಟುಕೊಂಡೇ ಕೂರುತ್ತೇನೆ. ಯಾರೂ ನನ್ನ ಹೊಟ್ಟೆ ನೋಡಬೇಕಾಗಿಲ್ಲ. ನಾನು ಕನ್ನಡದಲ್ಲಿ ಹೇಳುತ್ತೇನೆ, ನೀನು ಇಂಗ್ಲಿಷಿಗೆ ತಿರುಗಿಸಬೇಕು. ಬೇರೆಯವರು ಬೇಡ. ಒಂದು ಮಾತನ್ನೂ ಮೆತ್ತಗೆ ಮಾಡಬಾರದು. ಮಾಡಿದರೆ ನನಗೆ ತಿಳಿಯುತ್ತದೆ.

ಮಿಲ್ಲಿನ ವಿಷಯವನ್ನೂ ಹೇಳುತ್ತೇನೆ. ನಿನ್ನಿಂದ ಆಗುವುದಿಲ್ಲ ಎಂದಾದ ಪಕ್ಷದಲ್ಲಿ ಈಗಲೇ ಬರೆ.

ನರ್ಮದಾ ಟೀಚರ್


ಮಣಿಪಾಲ
೨೦ ಜುಲೈ ೧೯೬೪

ಟೀಚರ್,

ಬನ್ನಿ. ತಿರುಗಿಸುತ್ತೇನೆ.

ಪ್ಯಾಟ್ರಿಶಿಯಾ


ಕಾರ್ಕಳ
೧೦ ಆಗಸ್ಟ್ ೧೯೬೪

ಪ್ರೀತಿಯ ಪ್ಯಾಟ್ರಿಶಿಯಾಳಿಗೆ ನಿನ್ನ ಟೀಚರ ಆಶೀರ್ವಾದ.

ನಿನ್ನೆ ಮಳೆ ನಿಂತ ಮೇಲೆ ಮನೆ ಸೇರಿದೆ. ಬಸ್ಸಿನಲ್ಲೇ ಬಂದೆ. ನನ್ನ ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಉಳಿದ ಜಾಗದಲ್ಲೇ ಹೇಗೋ ಕೂತಳು. ನನ್ನ ಹೆಗಲಿಗೆ ಒರಗಿ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಆ ಹುಡುಗರ ಮುಖಗಳು ಕಣ್ಣ ಮುಂದೆ ಇವೆ. ನಾನು ಒಳಗೆ ಬಂದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಅದು ನನಗೆ ಅಭ್ಯಾಸ. ನಾನು ಗಂಟಿನ ಮಾತು ಹೇಳಿದೆ, ಪಟ್ಟಿಯ ಮಾತು ಹೇಳಿದೆ, ಊರಿನವರ ಬಾಯಿಯ ಮಾತು, ಉಪವಾಸದ ಮಾತು ಹೇಳಿದೆ. ನೀನು ಎಲ್ಲವನ್ನೂ ಸರಿಯಾಗಿ ಹೇಳಿದೆ. ಹೊಕ್ಕುಳು ಹುಡುಕುವ ಮಾತು ಬಂದಾಗ ನಿನ್ನ ದನಿ ಸ್ವಲ್ಪ ತಗ್ಗಿತು, ಆದರೂ ಪೂರ್ತಿ ಹೇಳಿದೆ.

ತಕ್ಕಡಿಯ ವಿಷಯಕ್ಕೆ ಬಂದಾಗ ನಿನ್ನ ಮುಖ ನೋಡಲು ನನ್ನಿಂದಾಗಲಿಲ್ಲ. ಹೊರಡುವ ಮೊದಲು ಮನೆಯಲ್ಲಿ ನಾನು ಅಂದುಕೊಂಡದ್ದು ಬೇರೆ, ಅಲ್ಲಿ ನಿಂತಾಗ ನಾಲಗೆಗೆ ಬಂದದ್ದು ಬೇರೆ. ನಿನ್ನ ವಿದ್ಯಾರ್ಥಿಗಳ ಎದುರು ನಿನ್ನನ್ನು ತಕ್ಕಡಿಗೆ ಹತ್ತಿಸಲು ಮನಸ್ಸು ಬರಲಿಲ್ಲ. “ಆಗ ಜೊತೆಗಿದ್ದ ಡಾಕ್ಟರೊಬ್ಬರು ನಕ್ಕರು” ಎಂದೆ. ಹೆಸರು ಹೇಳಲಿಲ್ಲ. ಹೆಂಗಸೋ ಗಂಡಸೋ ಎಂದೂ ಗೊತ್ತಾಗದ ಹಾಗೆ ಹೇಳಿದೆ.

ನೀನು ಕೂಡಲೇ ತಿರುಗಿಸಲಿಲ್ಲ. ಪ್ರೊಫೆಸರರು ತಲೆ ಎತ್ತಿ ನೋಡಿದರು. ಆಮೇಲೆ ನೀನು ಇಂಗ್ಲಿಷಿನಲ್ಲಿ ಹೇಳಿದೆ: ಆಗ ಜೊತೆಗಿದ್ದ ಡಾಕ್ಟರು ನಾನು, ನಾನು ನಕ್ಕೆ.

ಹಿಂದಿನ ಸಾಲಿನ ಇಬ್ಬರೂ ಕೆಳಗೆ ನೋಡುತ್ತಿದ್ದರು. ನಿನ್ನ ಕಿವಿ ಕೆಂಪಾಗಿತ್ತು. ಮಾತು ನಿಲ್ಲಿಸಬೇಡಿ ಎನ್ನುವ ಹಾಗೆ ನನ್ನ ಕಡೆ ನೋಡಿದೆ. ನಾನು ಮುಂದುವರಿಸಿದೆ.

ನಾನು ‘ಒಬ್ಬರು’ ಎಂದಿದ್ದೆ. ನೀನು ‘ನಾನು’ ಎಂದೆ. ಭಾಷಾಂತರದಲ್ಲಿ ಅದು ತಪ್ಪು. ನಾನು ತಿದ್ದಲಿಲ್ಲ.

ನಿನ್ನ,
ನರ್ಮದಾ ಟೀಚರ್